ಪೌಡರ್ ಘಮದ ಹೂವಿನ ಪರ್ಫ್ಯೂಮು: ಬೆಂಗಳೂರಿನಲ್ಲಿ ಹಾಕಿಕೊಳ್ಳುವ ಬಗೆ

ಮೆತ್ತನೆಯ, ಪೌಡರ್ ಘಮದ ಹೂವಿನ ಪರ್ಫ್ಯೂಮು ಹಾಕಿಕೊಳ್ಳುವವರ ದೂರು ಹೆಚ್ಚುಕಡಿಮೆ ಒಂದೇ: ‘ಅರ್ಧ ಗಂಟೆಗೆಲ್ಲ ಹೋಗಿಬಿಡುತ್ತೆ.’ ಹೋಗಿರುವುದಿಲ್ಲ. ನಿಮ್ಮ ಮೂಗು ಅದಕ್ಕೆ ಒಗ್ಗಿ ಸುಮ್ಮನಾಗಿರುತ್ತದೆ. ಪಕ್ಕದ ಸೀಟಿನವರಿಗೆ ಚೆನ್ನಾಗಿಯೇ ಬರುತ್ತಿರುತ್ತದೆ. ಹೋಯಿತೆಂದು ಇನ್ನೆರಡು ಸಲ ಒತ್ತುತ್ತೀರಿ, ಊಟವಾದ ಮೇಲೆ ಮತ್ತೆರಡು. ಸಂಜೆ ಮೆಟ್ರೊದಲ್ಲಿ ಪಕ್ಕದವರು ಮುಖ ಆ ಕಡೆ ತಿರುಗಿಸುತ್ತಾರೆ. ಈ ಜಾತಿಯ ಪರ್ಫ್ಯೂಮಿನಲ್ಲಿ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಇಲ್ಲಿ ಹುಟ್ಟಿದವು. ಬಾಟಲಿಯೊಳಗೆ ಏನಿದೆ ಎಂದು ಗೊತ್ತಾದರೆ ಎಷ್ಟು, ಎಲ್ಲಿ, ಯಾವಾಗ ಎಂಬುದೂ ಗೊತ್ತಾಗುತ್ತದೆ. ಹಾಗಾಗಿ ಅದರಿಂದಲೇ ಶುರು ಮಾಡೋಣ.

ಪೌಡರ್ ವಾಸನೆ ಎಲ್ಲಿಂದ ಬರುತ್ತದೆ

ಟಾಲ್ಕ್ ಎಂಬ ಕಲ್ಲಿನ ಪುಡಿಗೆ ಹೇಳಿಕೊಳ್ಳುವಂಥ ವಾಸನೆಯೇನೂ ಇಲ್ಲ. ಮುಖದ ಪೌಡರು, ಲಿಪ್‌ಸ್ಟಿಕ್ಕು, ಮಕ್ಕಳ ಪೌಡರಿಗೆ ತಲೆಮಾರುಗಳಿಂದ ಸೇರಿಸುತ್ತ ಬಂದಿರುವ ನಾಲ್ಕೈದು ಸುಗಂಧದ್ರವ್ಯಗಳಿವೆ. ಅವು ಮೂಗಿಗೆ ಬಂದರೆ ಸಾಕು, ತಲೆ ‘ಪೌಡರ್’ ಎನ್ನುತ್ತದೆ.

ಇವುಗಳಲ್ಲಿ ಹಿರಿಯದು ಐರಿಸ್ ಎಂಬ ಹೂಗಿಡದ ಘಮ. ಹೂವಿನದಲ್ಲ, ಗೆಡ್ಡೆಯದು. ಗೆಡ್ಡೆ ಕಿತ್ತು, ಸಿಪ್ಪೆ ತೆಗೆದು, ಒಣಗಿಸಿ ಎರಡು ಮೂರು ವರ್ಷ ಹಾಗೇ ಇಡುತ್ತಾರೆ. ಆ ಅವಧಿಯಲ್ಲೇ ‘ಐರೋನ್’ ಎಂಬ ಘಮದ ವಸ್ತು ಹುಟ್ಟುವುದು; ಹಸಿ ಗೆಡ್ಡೆಗೆ ಆ ವಾಸನೆ ಇರುವುದಿಲ್ಲ. ಆಮೇಲೆ ಬಟ್ಟಿ ಇಳಿಸಿದರೆ ಬರುವುದು ಎಣ್ಣೆಯಲ್ಲ, ಬೆಣ್ಣೆಯಂತೆ ಗಟ್ಟಿಯಾಗಿ ನಿಲ್ಲುವ ಪದಾರ್ಥ. ಇಷ್ಟು ಕಾದು ತೆಗೆಯುವುದರಿಂದಲೇ ಅದು ದುಬಾರಿ. ವಾಸನೆ ತಣ್ಣಗೆ, ಒಣಗಿದಂತೆ, ಸ್ವಲ್ಪ ಹಸಿ ಗಜ್ಜರಿ, ಸ್ವಲ್ಪ ಹಿಟ್ಟು. ಸಿಹಿ ಇಲ್ಲ.

ಅದರ ಹತ್ತಿರದ ನೆಂಟ ‘ಅಯೋನೋನ್’, ವಯೊಲೆಟ್ ಹೂವಿನ ಘಮ ಕೊಡುವ ವಸ್ತು. 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಮೇಲೆ ವಯೊಲೆಟ್ ಘಮ ಅಗ್ಗವಾಗಿ ಪೌಡರು, ಸೋಪು, ಲಿಪ್‌ಸ್ಟಿಕ್ಕುಗಳಿಗೆಲ್ಲ ಹರಡಿತು. ಆರಂಭದಲ್ಲಿ ಹೇಳಿದ ದೂರಿಗೆ ದೊಡ್ಡ ಕಾರಣ ಇದೇ: ಅಯೋನೋನಿಗೆ ಮೂಗು ಬಹಳ ಬೇಗ ಒಗ್ಗಿಹೋಗುತ್ತದೆ. ಒಮ್ಮೆ ಬರುತ್ತದೆ, ಮರೆಯಾಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬರುತ್ತದೆ. ಸಾಲದ್ದಕ್ಕೆ, ಅದರದೇ ಒಂದು ಬಗೆಯಾದ ಬೀಟಾ-ಅಯೋನೋನ್ ಎಲ್ಲರಿಗೂ ಒಂದೇ ರೀತಿ ತಿಳಿಯುವುದಿಲ್ಲ. ಓಆರ್5ಎ1 ಎಂಬ ಜೀನಿನಲ್ಲಿರುವ ವ್ಯತ್ಯಾಸದಿಂದ ಕೆಲವರಿಗೆ ಅದು ಹೂವು, ಕೆಲವರಿಗೆ ಹುಳಿ ಹುಳಿ, ಇನ್ನು ಕೆಲವರಿಗೆ ಅತಿ ಕಡಿಮೆ. ಒಂದೇ ಬಾಟಲಿಯ ಬಗ್ಗೆ ಅಕ್ಕ ತಂಗಿಯರೇ ಜಗಳವಾಡಿದರೆ ಇಬ್ಬರೂ ಸರಿ ಇರಬಹುದು.

ಮೂರನೆಯದು ಹೆಲಿಯೊಟ್ರೋಪಿನ್. ಬಾದಾಮಿ ಎಸೆನ್ಸು, ವೆನಿಲ್ಲಾ ಎರಡೂ ಬೆರೆತ ಮೃದು ಸಿಹಿ. ಮಲೆನಾಡಿನವರಿಗೆ ಇಷ್ಟವಾಗುವ ಸಂಗತಿ ಎಂದರೆ 1869ರಲ್ಲಿ ಇದನ್ನು ಮೊದಲು ಪಡೆದದ್ದು ಕರಿಮೆಣಸಿನ ಪೈಪರಿನ್‌ನಿಂದ. ಇದರ ಜೊತೆಗೆ ಒಣಹುಲ್ಲಿನ ಸಿಹಿ ಘಮದ ಕೂಮರಿನ್, ವೆನಿಲ್ಲಾ ಘಮ ಕೊಡುವ ವೆನಿಲಿನ್, ಸಾಂಬ್ರಾಣಿ ಸೇರಿದರೆ ಪೌಡರು ಬೆಚ್ಚಗಾಗುತ್ತದೆ. ಕೊನೆಯದು ಮಸ್ಕ್, ಅಂದರೆ ಕಸ್ತೂರಿಯ ಘಮ, ಈಗಿನದೆಲ್ಲ ಕಾರ್ಖಾನೆಯಲ್ಲಿ ತಯಾರಾದದ್ದು. ಅಣುಗಳು ದೊಡ್ಡವು, ನಿಧಾನವಾಗಿ ಆರುತ್ತವೆ, ಒಗೆದ ಬಟ್ಟೆಯ ಘಮ ಕೊಡುತ್ತವೆ. ಕೆಲವು ಮಸ್ಕ್‌ಗಳು ಕೆಲವರಿಗೆ ಸ್ವಲ್ಪವೂ ತಿಳಿಯುವುದಿಲ್ಲ. ‘ಇದರಲ್ಲಿ ಏನೂ ಇಲ್ಲ’ ಎಂದು ಬಾಟಲಿ ವಾಪಸು ಇಡುವ ಮೊದಲು ಜೊತೆಗಿರುವವರ ಮೂಗಿಗೊಮ್ಮೆ ಕೊಡಿ.

ಈ ಸಾಮಗ್ರಿ ನೆನಪಿದ್ದರೆ ಆಯ್ಕೆ ಸುಲಭ. ಒಣ, ತಣ್ಣನೆಯ ಪೌಡರ್ ಬೇಕಿದ್ದರೆ ಐರಿಸ್ ಮುಂದಿರುವುದನ್ನು ನೋಡಿ. 2007ರಲ್ಲಿ ಬಂದ ಪ್ರಾಡಾದ ‘ಇನ್‌ಫ್ಯೂಷನ್ ದಿ’ಐರಿಸ್’ ಒಳ್ಳೆಯ ಮಾದರಿ. ಗುಲಾಬಿ, ವಯೊಲೆಟ್ ಸೇರಿದ ಮೇಕಪ್ ಡಬ್ಬಿಯ ಘಮ ಬೇಕಿದ್ದರೆ ಫ್ರೆಡ್ರಿಕ್ ಮಾಲ್‌ನ ‘ಲಿಪ್‌ಸ್ಟಿಕ್ ರೋಸ್’. ಸಿಹಿ, ಬೆಚ್ಚನೆಯ ಹಳೇ ಧಾಟಿಗೆ ಗೆರ್ಲಾನ್ 1912ರಲ್ಲಿ ತಂದ ‘ಲಾರ್ ಬ್ಲೂ’. ಮಸ್ಕಿನ ಮೆತ್ತನೆಗೆ 2000ದ ‘ಫ್ಲವರ್ ಬೈ ಕೆಂಜೊ’: ಬಾಟಲಿಯ ಮೇಲಿರುವುದು ಘಮವೇ ಇಲ್ಲದ ಗಸಗಸೆ ಜಾತಿಯ ಹೂ, ಒಳಗಿನ ಪರಿಮಳ ಪೂರ್ತಿ ಕಲ್ಪನೆಯದು. ಇದು ಹೆಂಗಸರ ಸ್ವತ್ತು ಎಂದುಕೊಳ್ಳಬೇಡಿ. 2005ರ ‘ಡಿಯೋರ್ ಓಮ್’ ಗಂಡಸರಿಗೆಂದೇ ಮಾಡಿದ್ದು, ಅದರ ಹೊಟ್ಟೆಯಲ್ಲಿದ್ದದ್ದೂ ಐರಿಸ್ಸೇ.

‘ಅಜ್ಜಿಯ ಪೌಡರ್ ಡಬ್ಬಿ ವಾಸನೆ’ ಎಂಬ ಟೀಕೆ ಬರುವುದು ಸಾಮಾನ್ಯವಾಗಿ ಆಲ್ಡಿಹೈಡ್ (ಸೋಪಿನಂಥ ಚುರುಕು ಘಮ ಕೊಡುವ ರಾಸಾಯನಿಕ), ಗುಲಾಬಿ, ವಯೊಲೆಟ್ ಮೂರೂ ಜೋರಾಗಿರುವಾಗ. ಆ ವಾಸನೆ ಇಷ್ಟವಿದ್ದವರು ಟೀಕೆಗೆ ಸೊಪ್ಪು ಹಾಕಬೇಕಿಲ್ಲ. ಇಷ್ಟವಿಲ್ಲದವರು ಆಲ್ಡಿಹೈಡ್ ಇಲ್ಲದ, ಐರಿಸ್ ಮತ್ತು ಮಸ್ಕ್ ಅಷ್ಟೇ ಇರುವುದನ್ನು ಹುಡುಕಿ.

ಅಂಗಡಿಯಲ್ಲಿ

ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ನೋಡಬೇಡಿ. ಮೊದಲು ಕಾಗದದ ಪಟ್ಟಿಯ ಮೇಲೆ, ಅದರಲ್ಲಿ ಗೆದ್ದದ್ದನ್ನು ಮಾತ್ರ ಮೈಮೇಲೆ. ಒತ್ತಿದ ಕೂಡಲೇ ಮೂಗಿಗಿಟ್ಟರೆ ಬರುವುದು ಆಲ್ಕೋಹಾಲಿನ ಚುರುಕು. ಅರ್ಧ ನಿಮಿಷ ಗಾಳಿಗೆ ಹಿಡಿದು, ಎರಡು ಬೆರಳಗಲ ದೂರದಿಂದ ಚಿಕ್ಕ ಚಿಕ್ಕದಾಗಿ ಎಳೆದುಕೊಳ್ಳಿ. ಮಾರುವವರು ಕಾಫಿ ಬೀಜದ ಬಟ್ಟಲು ಮುಂದೆ ಹಿಡಿಯಬಹುದು. ಅದರಿಂದ ಮೂಗು ಶುದ್ಧವಾಗುತ್ತದೆ ಎನ್ನುವುದು ನಂಬಿಕೆ ಅಷ್ಟೆ. ಬಾಗಿಲಿನಿಂದ ಹೊರಗೆ ಹೋಗಿ ನಿಲ್ಲಿ, ಇಲ್ಲವೇ ಪರ್ಫ್ಯೂಮು ಬೀಳದ ನಿಮ್ಮದೇ ತೋಳನ್ನು ಮೂಸಿ.

ಪೌಡರ್ ಜಾತಿಯ ಪರ್ಫ್ಯೂಮನ್ನು ಮೊದಲ ಹತ್ತು ನಿಮಿಷ ನೋಡಿ ಕೊಂಡರೆ ಮೋಸ ಹೋದಂತೆಯೇ. ಮೊದಲಿಗೆ ಬರುವ ಕಿತ್ತಳೆ, ನಿಂಬೆ ಜಾತಿಯ ತಾಜಾತನ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹೂವು ಒಂದೆರಡು ಗಂಟೆ ನಿಲ್ಲುತ್ತದೆ. ನೀವು ದುಡ್ಡು ಕೊಡುವುದು ಆಮೇಲೆ ಉಳಿಯುವುದಕ್ಕೆ. ಮಣಿಕಟ್ಟಿಗೆ ಹಾಕಿಸಿಕೊಂಡು ಮಾಲ್ ಬಿಟ್ಟು ಹೊರಡಿ. ಬಿಸಿಲಿನಲ್ಲಿ ನಡೆಯಿರಿ, ಬಸ್ಸಿನಲ್ಲಿ ಕೂರಿ, ಊಟ ಮಾಡಿ. ನಾಲ್ಕು ಗಂಟೆ ಬಿಟ್ಟು ಇಷ್ಟವಾದರೆ ಇನ್ನೊಂದು ದಿನ ಬಂದು ಕೊಳ್ಳಿ.

ಒಂದು ಒತ್ತಿಗೆ ಸುಮಾರು 0.1 ಮಿಲಿ ಬರುತ್ತದೆ. 50 ಮಿಲಿ ಬಾಟಲಿ ಎಂದರೆ ಸುಮಾರು 500 ಒತ್ತು. ದಿನಕ್ಕೆರಡು ಹಾಕಿದರೆ ಎಂಟು ತಿಂಗಳು. ಹಾಗಾಗಿ ಮೊದಲಿಗೆ 5 ಅಥವಾ 10 ಮಿಲಿಯ ಚಿಕ್ಕ ಬಾಟಲಿ ಸಾಕು. ‘ಓ ದ ಪರ್ಫಾಂ’ನಲ್ಲಿ ಸುಗಂಧದ ಪಾಲು ಸಾಮಾನ್ಯವಾಗಿ ನೂರಕ್ಕೆ 15ರಿಂದ 20, ‘ಓ ದ ತ್ವಾಲೆಟ್’ನಲ್ಲಿ 5ರಿಂದ 15. ಬೆಂಗಳೂರಿನ ಬೇಸಿಗೆಗೆ, ಜನ ಕಿಕ್ಕಿರಿದ ಆಫೀಸಿಗೆ ಎರಡನೆಯದೇ ವಾಸಿ. ಹೊರದೇಶದ ಬಾಟಲಿಯಾದರೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಸ್ಟಿಕ್ಕರು ಡಬ್ಬದ ಮೇಲಿರಬೇಕು. ಡಬ್ಬದ ಬ್ಯಾಚ್ ಸಂಖ್ಯೆಯೂ ಬಾಟಲಿಯ ತಳದ ಸಂಖ್ಯೆಯೂ ಒಂದೇ ಇವೆಯೇ ನೋಡಿ.

ಹಾಕಿಕೊಳ್ಳುವುದು

ಸ್ನಾನವಾಗಿ ಮೈ ಒರೆಸಿಕೊಂಡ ಮೇಲೆ, ಬಟ್ಟೆ ತೊಡುವ ಮುನ್ನ. ಒಣ ಚರ್ಮದ ಮೇಲೆ ಯಾವ ಪರ್ಫ್ಯೂಮೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಡಿಸೆಂಬರ್, ಜನವರಿಯ ಒಣ ಗಾಳಿಯಲ್ಲಿ, ಎಸಿ ಆಫೀಸಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹಾಕುವ ಜಾಗಕ್ಕೆ ವಾಸನೆ ಇಲ್ಲದ ಮಾಯಿಶ್ಚರೈಸರನ್ನೋ, ಅಕ್ಕಿಕಾಳಿನಷ್ಟು ವ್ಯಾಸಲೀನನ್ನೋ ಸವರಿ ಐದು ನಿಮಿಷ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಅದರ ವಾಸನೆ ಐರಿಸ್ಸನ್ನು ನುಂಗಿಬಿಡುತ್ತದೆ.

ಬಾಟಲಿಯನ್ನು ಗೇಣು ದೂರ, ಅಂದರೆ 15ರಿಂದ 20 ಸೆಂಟಿಮೀಟರ್ ಹಿಡಿದು ಒತ್ತಿ. ಹತ್ತಿರ ಹಿಡಿದರೆ ಒಂದೇ ಕಡೆ ತೊಟ್ಟಿಕ್ಕುತ್ತದೆ, ಆ ಜಾಗದಲ್ಲಿ ಪೌಡರು ಗಟ್ಟಿಯಾಗಿ ಕೂತು ಮೂಗಿಗೆ ರಾಚುತ್ತದೆ. ಈ ಜಾತಿಗೆ ಒಳ್ಳೆಯ ಜಾಗ ಮೂರು: ಕತ್ತಿನ ಹಿಂಭಾಗ, ಮೊಣಕೈಯ ಒಳಮಡಿಕೆ, ಬಟ್ಟೆಯೊಳಗಿನ ಎದೆ. ಗಂಟಲಿನ ಮುಂಭಾಗ ಬೇಡ. ಅಲ್ಲಿ ಹಾಕಿದರೆ ದಿನವಿಡೀ ನಿಮ್ಮ ಮೂಗಿನ ಕೆಳಗೇ ಇರುತ್ತದೆ, ಮೂಗು ಇನ್ನೂ ಬೇಗ ಸೋಲುತ್ತದೆ. ಕತ್ತಿನ ಹಿಂದೆ ಹಾಕಿದರೆ ತಲೆ ತಿರುಗಿಸಿದಾಗ ಮಾತ್ರ ಬರುತ್ತದೆ, ಪ್ರತಿ ಸಲವೂ ಹೊಸದಾಗಿ.

ಮಣಿಕಟ್ಟಿಗೆ ಹಾಕಿ ಎರಡೂ ಕೈ ತಿಕ್ಕುವ ಅಭ್ಯಾಸ ಬಿಡಿ. ಅಣು ‘ಒಡೆದುಹೋಗುತ್ತದೆ’ ಎನ್ನುವುದು ಸುಳ್ಳು. ಆದರೆ ತಿಕ್ಕಿದ ಬಿಸಿಗೆ ಮೊದಲ ಘಮ ಬೇಗ ಹಾರುತ್ತದೆ, ಮೈಯ ಎಣ್ಣೆ, ಬೆವರು ಬೆರೆಯುತ್ತದೆ. ಎರಡು ನಿಮಿಷ ತಾನಾಗಿ ಆರಲಿ, ಆಮೇಲೆ ಬಟ್ಟೆ ಹಾಕಿ.

ಎಷ್ಟು? ದಿನದ ಆಫೀಸಿಗೆ ಓ ದ ಪರ್ಫಾಂ ಆದರೆ ಎರಡು ಒತ್ತು, ಓ ದ ತ್ವಾಲೆಟ್ ಆದರೆ ಮೂರು. ಬೆಳಗ್ಗೆ ಬಿಎಂಟಿಸಿಯಲ್ಲಿ ನಿಂತು ಹೋಗುವುದಿದ್ದರೆ ಒಂದು ಕಡಿಮೆ ಮಾಡಿ. ಸಂಜೆ ಛತ್ರದಲ್ಲಿ ಆರತಕ್ಷತೆ ಇದ್ದರೆ ಒಂದು ಹೆಚ್ಚು. ಅಲ್ಲಿ ಹೂವು, ಅಡುಗೆ, ಊದುಬತ್ತಿಗಳ ನಡುವೆ ನಿಮ್ಮದು ಹೇಗೂ ಹಿಂದೆ ಉಳಿಯುತ್ತದೆ. ಆಸ್ಪತ್ರೆಗೆ, ಎಳೆ ಮಗು ನೋಡಲು ಹೋಗುವಾಗ ಹಾಕಲೇಬೇಡಿ. ಉಬ್ಬಸ, ಅರೆತಲೆನೋವು ಇರುವವರಿಗೆ ಪೌಡರ್ ಘಮವೂ ತೊಂದರೆ ಕೊಡುತ್ತದೆ. ಮೆತ್ತಗಿದೆ ಎಂದ ಮಾತ್ರಕ್ಕೆ ನಿರಪಾಯ ಅಲ್ಲ.

‘ಹೋಯಿತು’ ಅನ್ನಿಸಿದಾಗ ಬಾಟಲಿ ಮುಟ್ಟುವ ಮೊದಲು ಟೆರೇಸಿಗೋ ಬೀದಿಗೋ ಹೋಗಿ ಹತ್ತು ನಿಮಿಷ ಬಿಟ್ಟು ಬನ್ನಿ, ಆಮೇಲೆ ಮೊಣಕೈ ಮೂಸಿ. ಅಥವಾ ಮನೆಯವರನ್ನು ಒಂದು ತೋಳು ದೂರ ನಿಲ್ಲಿಸಿ ಕೇಳಿ. ಬರುತ್ತದೆ ಎಂದರೆ ಅಲ್ಲಿಗೆ ಬಿಡಿ. ದಿನವೂ ಒಂದನ್ನೇ ಹಾಕುವವರು ವಾರಕ್ಕೆ ಒಂದೆರಡು ದಿನ ಏನೂ ಹಾಕದೆ ಇದ್ದರೆ ಮೂಗು ಮತ್ತೆ ಚುರುಕಾಗುತ್ತದೆ.

ವ್ಯಾಕ್ಸ್, ಶೇವ್, ಥ್ರೆಡಿಂಗ್ ಆದ ಜಾಗಕ್ಕೆ ಅದೇ ದಿನ ಹಾಕಬಾರದು, ಉರಿಯುತ್ತದೆ. ಹೊಸ ಪರ್ಫ್ಯೂಮನ್ನು ಮೊದಲು ಮೊಣಕೈ ಒಳಗೆ ಒಂದು ಹನಿ ಹಾಕಿ ಒಂದು ದಿನ ನೋಡಿ. ಹಾಕಿಕೊಂಡ ಕೂಡಲೇ ದೇವರ ದೀಪ ಹಚ್ಚುವುದು, ಗ್ಯಾಸ್ ಒಲೆ ಮುಂದೆ ನಿಲ್ಲುವುದು ಬೇಡವೇ ಬೇಡ; ಬಾಟಲಿಯಲ್ಲಿ ಹೆಚ್ಚಿನ ಪಾಲು ಆಲ್ಕೋಹಾಲು, ಬೆಂಕಿ ಹತ್ತುತ್ತದೆ.

ಸೀರೆ, ಸೋಪು, ಮುಡಿಯ ಹೂ

ರೇಷ್ಮೆ ಸೀರೆಗೆ ನೇರವಾಗಿ ಒತ್ತಬೇಡಿ. ಆಲ್ಕೋಹಾಲು ನೀರಿನ ಕಲೆಯಂತೆ ಗುರುತು ಬಿಡುತ್ತದೆ, ಜರಿ ಮಂಕಾಗಬಹುದು. ಪೌಡರ್ ಜಾತಿಗೆ ಇನ್ನೂ ಒಂದು ತೊಂದರೆ ಇದೆ: ವೆನಿಲಿನ್ ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಳಿ ಷರ್ಟಿನ ಕಾಲರಿನ ಮೇಲೆ, ತಿಳಿ ಬಣ್ಣದ ಸೆರಗಿನ ಮೇಲೆ ತಿಂಗಳು ಕಳೆದ ಮೇಲೆ ಹಳದಿ ಕಲೆ ಕಾಣಿಸಿದರೆ ಅದೇ ಕಾರಣ. ಬಟ್ಟೆಗೇ ಬೇಕಿದ್ದರೆ ರವಿಕೆಯ ಹತ್ತಿ ಲೈನಿಂಗಿಗೆ, ಒಳಲಂಗದ ಅಂಚಿಗೆ ದೂರದಿಂದ ಒಂದು ಒತ್ತು ಹಾಕಿ ಆರಲು ಬಿಡಿ. ಲಂಗದ ಅಂಚಿಗೆ ಹಾಕಿದ್ದು ನಡೆಯುವಾಗ ಮೆಲ್ಲಗೆ ಮೇಲೇಳುತ್ತದೆ, ಸೀರೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮುತ್ತಿನ ಸರ ಪರ್ಫ್ಯೂಮು ಆರಿದ ಮೇಲೆಯೇ ಹಾಕಿಕೊಳ್ಳಬೇಕು. ಮುತ್ತಿನ ಹೊಳಪಿಗೆ ಅದು ಆಗದು.

ಸೋಪಿನ ಘಮ ಮೈಮೇಲೆ ಒಂದು ಗಂಟೆಯಾದರೂ ಇರುತ್ತದೆ, ಲೆಕ್ಕಕ್ಕೆ ಹಿಡಿಯಿರಿ. ಮೈಸೂರು ಸ್ಯಾಂಡಲ್ ಸೋಪಿನ ಗಂಧ ಐರಿಸ್ಸಿಗೆ, ಗುಲಾಬಿಗೆ ಚೆನ್ನಾಗಿ ಒಗ್ಗುತ್ತದೆ, ಪೌಡರಿಗೆ ಸ್ವಲ್ಪ ಕೆನೆ ಸೇರಿದಂತಾಗುತ್ತದೆ. ಗಿಡಮೂಲಿಕೆಯ ಕಟು ಸೋಪುಗಳು, ನೆಲ್ಲಿಕಾಯಿ ಅಥವಾ ಭೃಂಗರಾಜದ ತಲೆಎಣ್ಣೆ ಒಗ್ಗುವುದಿಲ್ಲ. ಪೌಡರ್ ಘಮದ ಮೇಲೆ ನಿಜವಾದ ಪೌಡರ್ ಹಾಕುವುದು ಹಲವರ ರೂಢಿ. ಹೆಚ್ಚಿನ ಸಲ ಅದು ಕೆಡುತ್ತದೆ, ಏಕೆಂದರೆ ಟಾಲ್ಕಿನಲ್ಲಿ ಬೇರೆಯದೇ ಸುಗಂಧ ಇರುತ್ತದೆ. ಮೇಲಾಗಿ ಬೆವರಿಗೆ ಟಾಲ್ಕ್ ಗಟ್ಟಿಗಟ್ಟಿ ಕೂರುತ್ತದೆ. ಶಿವಾಜಿನಗರದ ಅತ್ತರಿನ ಅಂಗಡಿಗಳಲ್ಲಿ ‘ವೈಟ್ ಮಸ್ಕ್’ ಎಂದು ಕೊಡುವ ಎಣ್ಣೆಯ ಒಂದೇ ಒಂದು ಗೆರೆಯನ್ನು ಚರ್ಮಕ್ಕೆ ಸವರಿ ಅದರ ಮೇಲೆ ಒಂದು ಒತ್ತು ಹಾಕಿ ನೋಡಿ, ಬಾಳಿಕೆ ಹೆಚ್ಚುತ್ತದೆ. ಬಟ್ಟೆಗೆ ಮಾತ್ರ ತಾಗಿಸಬೇಡಿ, ಎಣ್ಣೆ ಕಲೆ ಹೋಗುವುದಿಲ್ಲ.

ಹೂ ಮುಡಿಯುವವರಿಗೆ ಇದು ಮುಖ್ಯ. ಗಾಂಧಿ ಬಜಾರಿನಿಂದ ತಂದ ಒಂದು ಮೊಳ ದುಂಡು ಮಲ್ಲಿಗೆಯ ಮುಂದೆ ಯಾವ ಫ್ರೆಂಚ್ ಬಾಟಲಿಯೂ ನಿಲ್ಲುವುದಿಲ್ಲ. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ಗಾಢ ವಾಸನೆಯ ವಸ್ತು ಇದೆ. ಸಂಜೆಗೆ ಹೂ ಬಾಡುತ್ತ ಅದು ಭಾರವಾಗುತ್ತದೆ, ಪೌಡರಿನ ಜೊತೆ ಬೆರೆತು ಉಸಿರು ಕಟ್ಟಿಸುತ್ತದೆ. ಮಲ್ಲಿಗೆ ಮುಡಿದ ದಿನ ಪರ್ಫ್ಯೂಮು ಬಿಟ್ಟುಬಿಡಿ. ಪರ್ಫ್ಯೂಮೇ ಮುಂದಿರಬೇಕೆಂದರೆ ವಾಸನೆ ಇಲ್ಲದ ಕನಕಾಂಬರ, ಇಲ್ಲವೇ ಘಮ ಕಡಿಮೆ ಇರುವ ಕಾಕಡ. ಸಂಪಿಗೆಯ ಕಥೆ ಬೇರೆ: ಅದರ ಪರಿಮಳದಲ್ಲೇ ಅಯೋನೋನ್‌ಗಳಿವೆ. ಒಂದೇ ಒಂದು ಸಂಪಿಗೆ ಮುಡಿದು ವಯೊಲೆಟ್ ಅಥವಾ ಐರಿಸ್ ಇರುವ ಪರ್ಫ್ಯೂಮನ್ನು ಒಂದೇ ಒತ್ತು ಹಾಕಿದರೆ ಎರಡೂ ಕೈ ಹಿಡಿದು ನಡೆಯುತ್ತವೆ.

ಊರಿನ ಹವೆ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಈ ಜಾತಿಗೆ ಹೇಳಿ ಮಾಡಿಸಿದ ಊರು, ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನಗಳನ್ನು ಬಿಟ್ಟು. 34 ಡಿಗ್ರಿ ಬಿಸಿಲಿಗೆ ವೆನಿಲ್ಲಾ, ಹೆಲಿಯೊಟ್ರೋಪಿನ್ ಅಂಟಂಟಾಗುತ್ತವೆ. ಆಗ ಒಣ ಐರಿಸ್ಸಿನ ತಿಳಿ ಓ ದ ತ್ವಾಲೆಟ್ ಮಾತ್ರ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮೋಡದ ದಿನಗಳು ಇದರ ಸುಗ್ಗಿ: ತೇವದ ತಣ್ಣನೆ ಗಾಳಿಯಲ್ಲಿ ಹೂವು, ಪೌಡರು ಬಿಡಿಬಿಡಿಯಾಗಿ ತಿಳಿಯುತ್ತವೆ. ಚಳಿಗಾಲದ ಸಂಜೆಗೆ ಸಿಹಿ, ಸಾಂಬ್ರಾಣಿ ಬೆರೆತ ಭಾರದ್ದು ಹಾಕಬಹುದು. ಸ್ಕೂಟರಿನವರಿಗೆ ಒಂದು ಮಾತು: ಹೆಲ್ಮೆಟ್ಟಿನ ಒಳಗೆ ಪರ್ಫ್ಯೂಮು ಸೇರಿದರೆ ವಾರಗಟ್ಟಲೆ ಬಿಡುವುದಿಲ್ಲ, ಬೆವರಿನ ಜೊತೆ ಸೇರಿ ಹುಳಿಯಾಗುತ್ತದೆ. ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದ ಮೇಲೆ ಕತ್ತಿಗೆ ಹಾಕಿ.

ಮೂಗಿಗೆ ಪಾಠ

ಬಾಟಲಿ ಒಂದೇ ಇದ್ದರೂ ಅದರಲ್ಲಿ ಏನೇನಿದೆ ಎಂದು ಬಿಡಿಸಿ ತಿಳಿಯುವುದು ಕಲಿಯಬಹುದಾದ ವಿದ್ಯೆ, ಸಾಮಗ್ರಿಯೆಲ್ಲ ಊರಿನಲ್ಲೇ ಸಿಗುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಒಂದು ತುಂಡು ಸಾಂಬ್ರಾಣಿ ತಂದು, ಸುಡದೆ, ಕುಟ್ಟಿ ಮೂಸಿ: ವೆನಿಲ್ಲಾದಂಥ ಆ ಒಣ ಸಿಹಿಯೇ ಬೆಚ್ಚನೆಯ ಪೌಡರಿನ ತಳ. ಗಜ್ಜರಿಯನ್ನು ಹೆರೆದು ಐದು ನಿಮಿಷ ಬಿಟ್ಟು ಮೂಸಿ, ಐರಿಸ್ಸಿನ ಮಣ್ಣುಮಣ್ಣಾದ ಭಾಗ ಅಲ್ಲಿದೆ. ಬೀದಿ ಬದಿಯ ಬಕುಳದ ಮರದ ಕೆಳಗೆ ಉದುರಿದ ಹೂ ಆಯ್ದು ನೆರಳಲ್ಲಿ ಒಣಗಿಸಿ; ಒಣಗಿದ ಮೇಲೂ ಘಮ ಬಿಡದ ಹೂ ಅದು, ಹಸಿಯಲ್ಲಿ ಹೇಗಿತ್ತು, ಒಣಗಿ ಹೇಗಾಯಿತು ಎಂದು ಹೋಲಿಸಿದರೆ ಹೂವೊಂದು ಪುಡಿಯ ಕಡೆಗೆ ತಿರುಗುವುದು ಹೇಗೆಂದು ತಿಳಿಯುತ್ತದೆ. ಜೊತೆಗೆ ಪನ್ನೀರು, ಯಾವುದಾದರೂ ಹಳೇ ಲಿಪ್‌ಸ್ಟಿಕ್ಕು.

ಆಮೇಲೆ ಪರ್ಫ್ಯೂಮನ್ನು ಕಾಗದದ ಪಟ್ಟಿಗೆ ಹಾಕಿ, ಸಮಯ ಬರೆದಿಡಿ. ಹತ್ತು ನಿಮಿಷಕ್ಕೆ, ಒಂದು ಗಂಟೆಗೆ, ನಾಲ್ಕು ಗಂಟೆಗೆ, ಮರುದಿನ ಬೆಳಗ್ಗೆ ಒಮ್ಮೊಮ್ಮೆ ಮೂಸಿ ಒಂದೇ ಪದ ಬರೆಯಿರಿ. ಗಜ್ಜರಿಯೇ, ಸಾಂಬ್ರಾಣಿಯೇ, ಸೋಪೇ, ಲಿಪ್‌ಸ್ಟಿಕ್ಕೇ? ಮರುದಿನ ಬೆಳಗ್ಗೆಯ ಪಟ್ಟಿ ಎಲ್ಲಕ್ಕಿಂತ ಪ್ರಾಮಾಣಿಕ. ಅಗ್ಗದ ಮಾಲಾದರೆ ಬರಿಯ ಒಗೆದ ಬಟ್ಟೆಯ ಮಸ್ಕ್ ಉಳಿದಿರುತ್ತದೆ, ಚೆನ್ನಾಗಿ ಕಟ್ಟಿದ್ದಾದರೆ ಹೂವಿನ ನೆರಳು ಇನ್ನೂ ಇರುತ್ತದೆ. ಬಾಟಲಿಯ ಜಾಹೀರಾತಿನಲ್ಲಿ ಬರೆದ ಹೂಗಳ ಪಟ್ಟಿಯನ್ನು ಇದೆಲ್ಲ ಆದ ಮೇಲೆ ಓದಿ. ಮೊದಲೇ ಓದಿದರೆ ಇಲ್ಲದ ಹೂವೂ ಮೂಗಿಗೆ ಬರುತ್ತದೆ.

ಇಡುವುದು, ಕೆಟ್ಟರೆ ತಿಳಿಯುವುದು

ಬಚ್ಚಲುಮನೆ, ಕಿಟಕಿಯ ಕಟ್ಟೆ, ಕಾರಿನ ಡ್ಯಾಶ್‌ಬೋರ್ಡು, ಈ ಮೂರೂ ಬೇಡ. ಡಬ್ಬದೊಳಗೇ ಇಟ್ಟು ಬೀರುವಿನಲ್ಲಿಡಿ. ಆದರೆ ನುಸಿಗುಳಿಗೆ ಇಟ್ಟಿರುವ ಖಾನೆಯಲ್ಲಿ ಅಲ್ಲ. ಆ ವಾಸನೆ ಡಬ್ಬಕ್ಕೂ ಬಟ್ಟೆಗೂ ಹತ್ತಿ, ಅಂಥ ಬಟ್ಟೆಯ ಮೇಲೆ ಪೌಡರ್ ಘಮ ಹಾಕಿದರೆ ಹಳೇ ಟ್ರಂಕು ತೆರೆದಂತೆ ಆಗುತ್ತದೆ. ಫ್ರಿಜ್ ಬೇಕಿಲ್ಲ, ಈ ಊರಿನ ಕೋಣೆಯ ತಂಪು ಸಾಕು.

ದ್ರವ ಸ್ವಲ್ಪ ಕಂದಾದರೆ ಗಾಬರಿ ಬೇಡ, ಅದು ವೆನಿಲಿನ್. ಒತ್ತಿದ ಮೊದಲ ನಿಮಿಷ ನೇಲ್ ಪಾಲಿಷಿನಂತೆ, ಹುಳಿಯಂತೆ ಬಂದು ಆಮೇಲೆ ಸರಿಹೋದರೆ ಮೇಲಿನ ಘಮ ಮಾತ್ರ ಹಳಸಿದೆ, ಇನ್ನೂ ಬಳಸಬಹುದು. ಅರ್ಧ ಗಂಟೆಯ ಮೇಲೂ ಹುಳಿ ಹೋಗದಿದ್ದರೆ ಮೈಗೆ ಬೇಡ. ಹತ್ತಿಗೆ ಎರಡು ಒತ್ತು ಹಾಕಿ ಶೂ ಇಡುವ ಕಪಾಟಿಗೆ ಹಾಕಿ. ಒತ್ತಿದರೆ ಬಾರದೆ ಹಟ ಹಿಡಿದರೆ ಬಾಟಲಿ ಕೆಟ್ಟಿಲ್ಲ. ಸಾಂಬ್ರಾಣಿ, ವೆನಿಲ್ಲಾದಂಥ ಅಂಟು ಪದಾರ್ಥ ತೂತಿನಲ್ಲಿ ಕಟ್ಟಿರುತ್ತದೆ. ಮೇಲಿನ ಒತ್ತುಗುಬ್ಬಿಯನ್ನು ನೇರವಾಗಿ ಎಳೆದು ತೆಗೆದು, ಬಿಸಿನೀರಲ್ಲಿ ಎರಡು ನಿಮಿಷ ನೆನೆಸಿ, ಊದಿ, ಪೂರ್ತಿ ಒಣಗಿಸಿ ಮತ್ತೆ ಕೂರಿಸಿ. ಪಿನ್ನು ಚುಚ್ಚಬೇಡಿ, ತೂತು ದೊಡ್ಡದಾಗಿ ಮಂಜಿನ ಬದಲು ನೀರಿನ ಗೆರೆ ಬೀಳಲು ಶುರುವಾಗುತ್ತದೆ.